ಸೂರಿನ ಕೆಳಗಿನ ನೀರು

ಬಸ್ಸು ಕುಕನೂರು ದಾಟಿದ ಮೇಲೆ ಪಂಪಾವತಿ ನಿಶ್ಚಿತಾರ್ಥದ ಉಂಗುರವನ್ನು ಬೆರಳಿನಿಂದ ಬಿಚ್ಚಿ ಪರ್ಸಿನೊಳಗೆ ಹಾಕಿದಳು. ಜಿಪ್ ಎಳೆದ ಸದ್ದಿಗೆ ಪಕ್ಕದ ಹೆಂಗಸು ತಿರುಗಿ ನೋಡಿದಳು. ಅಷ್ಟು ಸಿಟ್ಟಿತ್ತು ಆ ಎಳೆತದಲ್ಲಿ.

ಸಿಟ್ಟಿಗೆ ಕಾರಣ ವಾಟ್ಸಾಪಿನ ಒಂದೇ ಸಾಲು. ಮದುವೆಗೆ ಮೊದಲು ಎರಡೂ ಮನೆಯವರು ಕೂಡಿ ಒಂದು ದಿನ ನೀರಾಟ ಆಡಿ ಬರೋಣವೆಂದದ್ದು ಅವಳ ಅವ್ವ ಶಿವಲಿಂಗಮ್ಮ. ಗಂಗಾವತಿಯ ಕಡೆ ಭತ್ತದ ಗದ್ದೆಗಳ ನಡುವೆ ಬಯಲಲ್ಲೊಂದು ವಾಟರ್ ಪಾರ್ಕ್ ಇತ್ತು. ಹುಬ್ಬಳ್ಳಿಯಲ್ಲಿ ಹೊಸದೊಂದು, ಪೂರಾ ಸೂರಿನ ಕೆಳಗೆ. ಪಂಪಾವತಿಗೆ ಬಯಲಿನದೇ ಬೇಕಿತ್ತು. ಅಲ್ಲಿ ಸೀರೆಯುಟ್ಟವರಿಗೆಂದೇ ಒಂದು ಸಣ್ಣ ಕೊಳವಿದೆ. ಹುಬ್ಬಳ್ಳಿಯದರಲ್ಲಿ ನೈಲಾನ್ ಉಡುಪಿಲ್ಲದವರು ನೀರು ಮುಟ್ಟುವಂತಿಲ್ಲ. ಅವ್ವನಾಗಲಿ ಅಜ್ಜಿ ಮುದಕಮ್ಮನಾಗಲಿ ಒಂದು ದಿನವೂ ಸೀರೆ ಬಿಟ್ಟವರಲ್ಲ. ಇದನ್ನೆಲ್ಲ ಅವಳು ಗ್ರೂಪಿನಲ್ಲಿ ಬರೆದಿದ್ದಳು.

ಮದುವೆಯಾಗಬೇಕಾದ ಗೌರೀಶ ಅದಕ್ಕೆ ಕೊಟ್ಟ ಉತ್ತರ: “ಹುಬ್ಬಳ್ಳಿದೇ ಛಲೋ. ಎಲ್ಲಾರ್ದೂ ಟಿಕೆಟ್ ತಗಸೀನಿ.”

ಯಾಕೆಂಬ ಮಾತಿಲ್ಲ, ಏನಂತೀರಿ ಎಂಬ ಮಾತಿಲ್ಲ. ಕಾರ್ಖಾನೆಯ ಗೆಳೆಯರು ಎದುರಾದರೆ ನೀರಲ್ಲಿ ಸೀರೆ ಹಿಡಿದು ನಿಂತ ನಮ್ಮ ಮಂದಿಯನ್ನು ತೋರಿಸಲು ನಾಚಿಕೆ, ಇನ್ನೇನು. ಹಾಗೆ ನಾಚುವವನ ಮನೆಗೆ ಅವಳು ಸೊಸೆಯಾಗಿ ಹೋಗುವುದಿಲ್ಲ.

ಕೊಪ್ಪಳದ ಬಸ್‌ಸ್ಟ್ಯಾಂಡಿನ ಪಕ್ಕ, ನೂರಸಾಬನ ಚಹಾದಂಗಡಿಯ ಬೆಂಚಿನಲ್ಲಿ ಕೂತು ಅವಳು ನೋಡುತ್ತಿದ್ದಳು. ಗಿಣಿಗೇರಾದ ಬಸ್ಸಿನಿಂದ ಗೌರೀಶ ಇಳಿದ. ಅವನು ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಲ್ಲುವವನು. ಝಳಕ್ಕೆ ರೆಪ್ಪೆಯ ತುದಿಗಳು ಕೆಂಚಗಾಗಿದ್ದವು. ಆ ರೆಪ್ಪೆಗಳ ಅಡಿಯಿಂದ ಅವನು ದೂರದಲ್ಲೇ ಅವಳನ್ನು ಹುಡುಕಿ, ಕಂಡು, ಕಂಡೇ ಇಲ್ಲವೆಂಬಂತೆ ಬೇರೆ ಕಡೆ ನೋಡಿ, ಮತ್ತೆ ಅವಳ ಕಡೆಗೇ ತಿರುಗಿದ. ಆ ನೋಟ ಇವತ್ತೂ ಎದೆಗೆ ತಾಗಿತಲ್ಲ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

“ಐವತ್ತು ಹೆಜ್ಜಿ ಇಲ್ಲ ದಾರಿ. ಹತ್ತು ನಿಮಿಷ ತಗೊಂಡ್ರಿ. ಮೆರವಣಿಗಿ ಬಂದಂಗ ಬಂದ್ರಿ,” ಎಂದಳು.

“ನನ್ನ ಹೆಜ್ಜಿ ಎಣಸಾಕ ಹತ್ತೀರಂದ್ರ ಭಾಳ ಛಲೋ ಆತು ಬಿಡ್ರಿ.”

“ನಗಬ್ಯಾಡ್ರಿ. ನಾ ಜಗಳಾಡಾಕ ಬಂದೀನಿ.”

“ಗೊತ್ತೈತ್ರಿ. ಕಣ್ಣು ಬಸ್ಸಿನಾಗಿಂದನ ಕಾಣ್ತಿದ್ವು.”

“ನನ್ನ ಕಣ್ಣಿನ ಸುದ್ದಿ ಬ್ಯಾಡ. ನಮ್ಮವ್ವ, ನಮ್ಮಜ್ಜಿ ಸೀರಿ ಉಡತಾರ. ಅದು ನಿಮಗ ಯಾವತ್ತಿಂದ ಕಡಿಮಿ ಅನಸಾಕ ಹತ್ತೇತಿ, ಹೇಳ್ರಿ.”

ಗೌರೀಶನ ಮುಖದ ನಗೆ ಇಳಿಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ನೂರಸಾಬ ಎರಡು ಗ್ಲಾಸು ತಂದಿಟ್ಟ. “ಗೌರೀಶಣ್ಣ, ಬೊಬ್ಬಿ ಒಣಗಿದ್ವೇನು? ಬೂಟು ಹಾಕ್ಕೊಬ್ಯಾಡ ಅಂದಿದ್ನೆಲ್ಲ.”

“ಏನ್ ಬೊಬ್ಬಿ?” ಎಂದಳು ಪಂಪಾವತಿ.

“ಏನಿಲ್ರಿ.”

“ಏನಿಲ್ಲಂತ. ಗುರುವಾರ ಗಂಗಾವತಿ ಬಸ್ ಇಳದು, ಇಲ್ಲೇ ಕುಂತು, ಅಂಗಾಲಿಗೆ ನನ್ನ ಕೊಬ್ರಿ ಎಣ್ಣಿ ಡಬ್ಬಿ ಪೂರಾ ಖಾಲಿ ಮಾಡ್ಯಾನ, ತಂಗಿ. ಬರಿಗಾಲಲೆ ಬಿಸಿಲಾಗ ತಿರುಗೋ ಹುಚ್ಚು ಹಿಡದೈತಿ ಇವಂಗ.”

ನೂರಸಾಬ ಒಲೆಯ ಕಡೆ ಹೋದ. ಪಂಪಾವತಿ ಗ್ಲಾಸು ಮುಟ್ಟಲಿಲ್ಲ.

“ಬೂಟು ಬಿಚ್ರಿ.”

“ಇಲ್ಲೇ?”

“ಇಲ್ಲೇ.”

ಅವನು ಬಿಚ್ಚಿದ. ಅಂಗಾಲಿನ ಬೊಬ್ಬೆಗಳು ಒಡೆದು ಗುಲಾಬಿ ಬಣ್ಣದ ಹಸಿ ತೊಗಲು ಕಾಣುತ್ತಿತ್ತು. ಅವಳಿಗೆ ಕುಲುಮೆಯೇ ನೆನಪಾಯಿತು.

“ಕುಲುಮಿ ಅಲ್ರಿ,” ಎಂದ ಅವನು. “ನೀವು ಆರಿಸಿದ ಪಾರ್ಕಿನ ನೆಲ. ರಜಾ ಹಾಕಿ ಹೋಗಿದ್ದೆ. ಮಧ್ಯಾಹ್ನ ಗೇಟಿನಿಂದ ಆ ಸೀರಿ ಕೊಳದತನಕ ಬರಿಗಾಲಲೆ ನಡದು ನೋಡಿದೆ. ಎರಡು ನೂರಾ ಹತ್ತು ಹೆಜ್ಜಿ. ಕಲ್ಲು ಕಾದ ಹಂಚಾಗಿತ್ತು.”

“ಯಾಕ?”

ಅವನು ಚಹಾದ ಗ್ಲಾಸನ್ನು ಬದಿಗೆ ಸರಿಸಿದ. “ನಿಶ್ಚಿತಾರ್ಥದಾಗ ಅಜ್ಜಿಗೆ ಚಪ್ಪಲಿ ತಂದಿದ್ನೆಲ್ರಿ.”

“ಚಪ್ಪಲಿ ಕಚ್ತಾವು ಅಂತ ವಾಪಸ್ ಕೊಟ್ಲು.”

“ನಿಮಗ ಹಂಗ ಅಂದ್ಲು. ನನ್ನ ಹಿತ್ತಲಕ ಕರದು ಬ್ಯಾರೆ ಹೇಳಿದ್ಲು. ಹುಲಿಗೆಮ್ಮಗ ಬೇಡ್ಕೊಂಡಾಳಂತ. ಮೊಮ್ಮಗಳ ಕಾಲಿಗೆ ಕಾಲುಂಗುರ ಬರೋತನ ತನ್ನ ಕಾಲಿಗೆ ಚಪ್ಪಲಿ ಬ್ಯಾಡಂತ. ಹರಕಿ ಮುಗಿಯೋತನ ನಿಮಗ ಹೇಳಬಾರದಂತ. ಆಣಿ ಹಾಕಿಸ್ಕೊಂಡಿದ್ಲು. ಇವತ್ತ ಮುರದೆ.”

ಎರಡು ವರ್ಷದ ಹಿಂದೆ ಪಂಪಾವತಿಗೆ ನಿಶ್ಚಯವಾಗಿದ್ದ ಮೊದಲ ಸಂಬಂಧ ಮುರಿದುಬಿದ್ದಿತ್ತು. ಅದೇ ವಾರ ಅಜ್ಜಿಯ ಚಪ್ಪಲಿ ಅಟ್ಟ ಏರಿದ್ದವು. ಎರೆಹೊಲದ ಬಿರುಕುಗಳಲ್ಲಿ, ಸಂತೆಯ ಡಾಂಬರಿನಲ್ಲಿ, ಎರಡು ಬೇಸಿಗೆ ಬರಿಗಾಲು. ಅವಳು ಎಷ್ಟು ಸಲ ಗೊಣಗಿಲ್ಲ, ಹಟಮಾರಿ ಮುದುಕಿ ಎಂದು.

ಸಿಟ್ಟು ಮಾತ್ರ ಹೋಗಲಿಲ್ಲ.

“ಮತ್ತ ಸೀರಿ?”

“ಹುಬ್ಬಳ್ಳಿಗೂ ಹೋಗಿದ್ದೆ, ಸೂರಿನ ಕೆಳಗ ನೆಲ ತಂಪೈತಿ. ಮ್ಯಾನೇಜರ್‌ನ ಕೇಳೀನ್ರಿ. ಸೀರಿಯವ್ರು ಅಂಚಿಗೆ ಕುಂತು ಮೊಣಕಾಲತನ ನೀರಾಗ ಬಿಡಬಹುದಂತ. ಒಲ್ಲೆ ಅಂತಿದ್ದ, ಒಪ್ಪಿಸೀನಿ.”

“ಇಷ್ಟೆಲ್ಲಾ ಮಾಡೀರಿ. ನನಗೊಂದು ಮಾತು ಕೇಳಾಕ ನಿಮಗ ಬಾಯಿ ಇರಲಿಲ್ಲ.”

“ಕೇಳಿದ್ರ ನೀವು ಕಾರಣ ಕೇಳ್ತಿದ್ರಿ. ನಿಮ್ಮ ಮುಂದ ಸುಳ್ಳು ಹೇಳಾಕ ನನಗ ಬರೂದಿಲ್ರಿ.”

“ಸುಳ್ಳು ಯಾರು ಹೇಳಂದ್ರು? ಒಂದು ಕಾರಣ ಐತಿ, ಈಗ ಕೇಳಬ್ಯಾಡ, ನಂಬು ಅಂದಿದ್ರ ನಂಬ್ತಿದ್ದೆ. ಟಿಕೆಟ್ ತಗಸೀನಿ ಅಂದ್ರ ನಾ ಏನಂತ ತಿಳೀಲಿ?”

ಅವನು ತಲೆ ತಗ್ಗಿಸಿದ. “ಖರೇನ. ಹಂಗ ಹೇಳಬೇಕಿತ್ತು. ತಪ್ಪಾತ್ರಿ.”

ಅಷ್ಟು ನೇರವಾಗಿ ತಪ್ಪೊಪ್ಪಿಕೊಂಡವನ ಜೊತೆ ಜಗಳ ಮುಂದುವರಿಸುವುದು ಕಷ್ಟ. ಆದರೂ ಅವಳು ಬಿಡಲಿಲ್ಲ.

“ಹುಬ್ಬಳ್ಳಿಗೇ ಹೋಗೂದು. ನೀವು ಆರಿಸಿದ್ದಕ್ಕಲ್ಲ. ಈಗ ನಾ ಆರಿಸೀನಿ, ಅದಕ್ಕ.”

“ಹೂಂ ರಿ.”

ಅವಳು ಪರ್ಸಿನ ಜಿಪ್ ಎಳೆದು ಉಂಗುರವನ್ನು ಬೆಂಚಿನ ಮೇಲಿಟ್ಟಳು. ಗೌರೀಶ ಅವಳ ಬರಿಬೆರಳನ್ನು ಆಗ ನೋಡಿದ. ಕುಲುಮೆಯ ಮುಂದೆ ನಿಲ್ಲುವವನ ಮುಖ ಬಿಳಿಚಿಕೊಂಡಿತು.

“ವಾಪಸ್ ಕೊಡಾಕ ತಂದಿದ್ದೆ,” ಎಂದಳು.

ಅವನು ಉಂಗುರ ಮುಟ್ಟಲಿಲ್ಲ. “ಅಜ್ಜಿ ಸಲುವಾಗಿ ತಿರುಗಿ ಹಾಕ್ಕೊಬ್ಯಾಡ್ರಿ. ಅಕಿ ಕಾಲಿನ ಭಾರ ನಿಮ್ಮ ಮ್ಯಾಲ ಹಾಕಾಕ ನಾ ಈ ಮಾತು ಹೇಳಿಲ್ಲ.”

ಇದೊಂದು ಮಾತಿಗೆ ಅವಳ ಕಣ್ಣು ತುಂಬಿದವು.

“ಅಜ್ಜಿ ಸಲುವಾಗಿ ಆದ್ರ ಯಾರನ್ನಾದ್ರೂ ಮದುವಿ ಆಗ್ತಿದ್ದೆ. ಅಕಿ ಕಾಲಿನ ಸಲುವಾಗಿ ಎರಡು ನೂರಾ ಹತ್ತು ಹೆಜ್ಜಿ ಮತ್ಯಾರು ನಡದಾರು?” ಬೆರಳು ಚಾಚಿದಳು. “ಹಾಕ್ರಿ ಲಗೂನ. ನೂರಸಾಬ ನೋಡಾಕ ಹತ್ಯಾನ.”

ಅವನು ಹಾಕಿದ. ಕೈ ಬಿಡಲಿಲ್ಲ.

“ಸಿಟ್ಟು ಇಳೀತೇನ್ರಿ?”

“ಇಲ್ಲ. ಭಾಳ ಐತಿ. ಇಳಿಯಾಕ ವರ್ಷಗಟ್ಲೆ ಬೇಕು. ಬಾಜೂಕನ ಇದ್ದು ಕಾಯ್ರಿ.”

ಬೂಟನ್ನು ಅವಳೇ ಎತ್ತಿಕೊಂಡಳು. ನೂರಸಾಬನ ಹಳೆಯ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಗೌರೀಶ ಬಸ್ಸಿನ ಕಡೆಗೆ ಕುಂಟುತ್ತ ನಡೆದ. ಪಂಪಾವತಿ ಅವನ ನಡಿಗೆಗೆ ತನ್ನ ನಡಿಗೆ ಕೂಡಿಸಿ, ದಾರಿಯುದ್ದಕ್ಕೂ ಬೈಯುತ್ತ ಬಂದಳು. ಆ ಐವತ್ತು ಹೆಜ್ಜೆಗೆ ಈ ಸಲ ಎಷ್ಟು ನಿಮಿಷ ಹಿಡಿಯಿತೋ, ಅವಳು ಎಣಿಸಲಿಲ್ಲ.