ನಲವತ್ತೆರಡು ಕಿಲೋಮೀಟರಿನ ಒಪ್ಪಿಗೆ

ಹೆಣ್ಣು ನೋಡಲು ಬಂದವರ ಮುಂದೆ ಕೇಸರಿಬಾತಿನ ತಟ್ಟೆ ಇಡುತ್ತಲೇ ಭವ್ಯ ಹೇಳಿಬಿಟ್ಟಿದ್ದಳು.

"ನಂಗಿರೋದು ಒಂದೇ ಕಿಡ್ನಿ. ಇನ್ನೊಂದು ನಮ್ಮಪ್ಪಂಗೆ ಕೊಟ್ಟಿದೀನಿ. ಆಮೇಲೆ ಗೊತ್ತಾಗೋದು ಬ್ಯಾಡ ಅಂತ ಈಗ್ಲೇ ಹೇಳ್ದೆ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವಳಮ್ಮ ಹಣೆ ಚಚ್ಚಿಕೊಂಡಳು. ಗಂಡಿನ ತಾಯಿ ಮಲ್ಲಿಕಾಂಬ ಚಮಚ ಕೆಳಗಿಟ್ಟರು. "ಅಯ್ಯೋ ಪಾಪ! ನಮ್ದು ತೋಟದ ಮನೆ ಕಣಮ್ಮಾ, ಮೈ ಮುರಿಯೋ ಕೆಲ್ಸ. ನಿನ್ ಕೈಲಿ ಆದೀತಾ?"

ಗಂಡು ಮಹೇಂದ್ರ ಮಾತ್ರ ತಟ್ಟೆ ಖಾಲಿ ಮಾಡಿ ಇನ್ನೊಂದು ಸಲ ಹಾಕಿಸಿಕೊಂಡ. ಅಂಥ ಹೊತ್ತಲ್ಲೂ! ಹಾಕಿಸಿಕೊಳ್ಳುವಾಗ ಕಣ್ಣೆತ್ತಿ ಅವಳನ್ನು ನೋಡಿದ ನೋಟ ಇತ್ತಲ್ಲ, ಅದರಿಂದ ಭವ್ಯಳ ಕೈಯಲ್ಲಿದ್ದ ಸೌಟು ಒಂದು ಕ್ಷಣ ನಿಂತೇಹೋಗಿತ್ತು.

ವಾರ ಕಳೆದ ಮೇಲೆ ಅವನೇ ಫೋನ್ ಮಾಡಿದ. ಅಜ್ಜಂಪುರದಲ್ಲಿ ಅವನದು ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ. "ನಮ್ಮಮ್ಮನ್ನ ನಾನು ಒಪ್ಪಿಸ್ತೀನಿ. ನೀವು ಹೂಂ ಅನ್ನಿ ಸಾಕು."

"ಪಾಪ ಅನ್ನಿಸ್ಕೊಂಡು ನಾನು ಯಾರ ಮನೆಗೂ ಬರಲ್ಲ ಕಣ್ರೀ," ಎಂದು ಫೋನಿಟ್ಟಳು. ಇಟ್ಟ ಮೇಲೆ ಅರ್ಧ ಗಂಟೆ ಅದನ್ನೇ ನೋಡುತ್ತ ಕೂತಿದ್ದಳು ಅನ್ನೋದು ಬೇರೆ ಮಾತು.

ಚೌಳಹಿರಿಯೂರಿನ ಹೈಸ್ಕೂಲಿನಲ್ಲಿ ಭವ್ಯ ಪಿ.ಟಿ. ಟೀಚರ್. ದಿನಾ ಬೆಳಗ್ಗೆ ಹತ್ತು ಕಿಲೋಮೀಟರ್ ಓಡುವವಳು ಪಾಪ ಹೇಗಾದಾಳು, ನೀವೇ ಹೇಳಿ? ಕಿಡ್ನಿ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸಲು ಕಡೂರಿನಿಂದ ಅಜ್ಜಂಪುರದ ಮೇಲೆ ತರೀಕೆರೆಗೆ ಮ್ಯಾರಥಾನ್ ಎಂದಾಗ ಮೊದಲು ಹೆಸರು ಬರೆಸಿದ್ದೇ ಅವಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಧಾರಾಳವಾಗಿ ಓಡಮ್ಮಾ, ನೀರು ಮಾತ್ರ ಮರೀಬೇಡ," ಎಂದಿದ್ದರು.

ಓಟದ ದಿನ ಓಡುವವರಿಗೆ ನೀರು ಕೊಡುವ ಕೆಲಸಕ್ಕೆ ಯಾರು ಬಂದಿದ್ದರು ಅಂತೀರಿ? ಬೈಕಿಗೆ ಎರಡು ಕ್ಯಾನು ಕಟ್ಟಿಕೊಂಡು ಮಹೇಂದ್ರ! ಬೀರೂರು ದಾಟಿದರೂ ಗಾಡಿ ಅವಳ ಪಕ್ಕ ಬಿಟ್ಟು ಅಲ್ಲಾಡಲಿಲ್ಲ.

"ರಸ್ತೆ ನೋಡ್ಕೊಂಡು ಓಡಿಸ್ರೀ. ಬಿದ್ಗಿದ್ದೀರಾ."

"ಬಿದ್ದು ಆರು ತಿಂಗ್ಳಾಯ್ತು. ಎತ್ತೋರೇ ಇಲ್ಲ."

ಭವ್ಯ ತುಟಿ ಕಚ್ಚಿ ನಗು ತಡೆದಳು. ಕೆನ್ನೆ ಕೆಂಪಾಗಿದ್ದು ಬಿಸಿಲಿಗೆ ಎಂದು ಅವನು ತಿಳಿಯಲಿ ಎಂದುಕೊಂಡಳು.

ಅಜ್ಜಂಪುರ ದಾಟಿ ಮೂವತ್ತೊಂದನೇ ಕಿಲೋಮೀಟರಿನಲ್ಲಿ ಮಹೇಂದ್ರನ ಮನೆ. ಗೇಟಿನ ಮುಂದೆ ಮಲ್ಲಿಕಾಂಬ ಒಂದು ಆಟೋ ತರಿಸಿ ನಿಲ್ಲಿಸಿಕೊಂಡಿದ್ದರು.

"ಸಾಕು ನಿಲ್ಸೇ ತಾಯಿ! ಆಟೋ ಹತ್ತು!"

"ಇಲ್ಲ ಕಣಮ್ಮಾ, ಇನ್ನು ಹನ್ನೊಂದೇ ಇರೋದು!"

"ಅಂಗಾದ್ರೆ ಕುಂಕುಮನಾದ್ರೂ ಇಟ್ಕೊಂಡು ಹೋಗು. ಬಾಗಿಲಿಗೆ ಬಂದ ಹೆಣ್ಮಗೂನ ಹಂಗೇ ಕಳಿಸ್ತಾರಾ?"

"ನಿಂತ್ರೆ ಕಾಲು ಹಿಡ್ಕಳ್ತವೆ!" ಎನ್ನುತ್ತ ಭವ್ಯ ಮುಂದಕ್ಕೆ ಓಡಿಯೇಬಿಟ್ಟಳು.

ಹಾಗೆ ಕಳಿಸುವ ಪೈಕಿಯೇ ಮಲ್ಲಿಕಾಂಬ? ಒಳಗಿಂದ ಕುಂಕುಮದ ಭರಣಿ ಹಿಡಿದು ಬಂದು, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹಿಂದೆಯೇ ಓಡಿದರು. ಪಕ್ಕಕ್ಕೆ ಬಂದು ಓಡುತ್ತಲೇ ಕೈ ಚಾಚಿದರು. ಮೊದಲನೆಯದು ಕಿವಿಗೆ ಬಿತ್ತು, ಎರಡನೆಯದು ಮೂಗಿಗೆ, ಮೂರನೆಯದಕ್ಕೆ ಹಣೆ ಸಿಕ್ಕಿತು. ರಸ್ತೆ ಬದಿಯ ಜನ ಶಿಳ್ಳೆ ಹೊಡೆದರು.

"ಎರಡಿದ್ದೂ ನಂಗೆ ಉಸಿರು ಸಿಕ್ತಿಲ್ಲ," ಮಲ್ಲಿಕಾಂಬ ಏದುಸಿರು ಬಿಟ್ಟರು, "ಒಂದಿಟ್ಕೊಂಡು ಹೆಂಗೆ ಓಡ್ತೀಯೇ ನೀನು!"

"ಅತ್ತೇ, ಸೀರೆ ತೊಡರುತ್ತೆ, ನಿಂತ್ಕಳಿ!"

ಬಾಯಿಂದ ಬಂದ ಮೇಲೆಯೇ ಭವ್ಯಳಿಗೆ ತಾನೇನು ಅಂದೆ ಎಂದು ಗೊತ್ತಾಗಿದ್ದು. ಮಲ್ಲಿಕಾಂಬ ಸೊಂಟದ ಮೇಲೆ ಕೈಯಿಟ್ಟು ನಡುರಸ್ತೆಯಲ್ಲಿ ನಿಂತರು. ಮಹೇಂದ್ರ ಬ್ರೇಕು ಹಾಕಿ ಬಾಯಿ ಬಿಟ್ಟುಕೊಂಡು ಇಬ್ಬರನ್ನೂ ನೋಡಿದ.

"ಲೇ, ನನ್ನೇನ್ ನೋಡ್ತೀಯೋ? ಹೋಗಿ ಸೊಸೆಗೆ ನೀರು ಕೊಡೋ!"

ಭವ್ಯಳಿಗೆ ಖುಷಿಗೆ ಅಳುವೇ ಬಂತು. ಆದರೂ ಓಟ ನಿಲ್ಲಿಸಲಿಲ್ಲ.

ತರೀಕೆರೆಯಲ್ಲಿ ಗೆರೆ ದಾಟಿ, ಹಾರ ಹಾಕಿಸಿಕೊಂಡು, ಬಸ್ ಸ್ಟ್ಯಾಂಡ್ ಕಟ್ಟೆಯ ಮೇಲೆ ಕೂತಳು. ಬಗ್ಗಿ ಶೂ ಬಿಚ್ಚಲೂ ಆಗುತ್ತಿರಲಿಲ್ಲ. ಮಹೇಂದ್ರ ಕೈ ಚಾಚಿದವನು, ಇವಳ ಸಿಟ್ಟು ನೆನಪಾಗಿ ಹಿಂದಕ್ಕೆ ತೆಗೆದುಕೊಂಡ. ಭವ್ಯ ತಾನಾಗಿಯೇ ಕಾಲು ಮುಂದೆ ಚಾಚಿದಳು.

"ಬಿಚ್ರೀ."

"ಆಮೇಲೆ ಪಾಪ ಅಂದೆ ಅನ್ಬೇಡಿ."

"ಅಂದ್ರೆ ಒದೀತೀನಿ."

ಅವನು ನೆಲಕ್ಕೆ ಕೂತು ಲೇಸಿನ ಗಂಟು ಸಡಿಲಿಸತೊಡಗಿದ. ಅಷ್ಟು ಜನರ ಮುಂದೆ ಭವ್ಯ ಅವನ ತಲೆಯ ಮೇಲೆ ಕೈಯಿಟ್ಟಳು.

"ನೀವಂದ್ರೆ ನಂಗೆ ಇಷ್ಟ ಕಣ್ರೀ. ಅವತ್ತೇ ಇಷ್ಟ ಆಗಿತ್ತು. ಹೇಳೋಕೆ ಇಷ್ಟು ದೂರ ಓಡಿ ಬರಬೇಕಾಯ್ತು."

ಶೂ ಬಿಚ್ಚಿಯಾಗಿತ್ತು. ಮಹೇಂದ್ರ ಕಾಲು ಮಾತ್ರ ಬಿಡಲಿಲ್ಲ.