ದಪ್ಪ ತಲೆಯ ಸ್ಕ್ರೂ

ಈ ಕತೆಯನ್ನು ಮೊದಲು ಹೇಳಿದವರು ಹಳೇ ಕಾರಿನ ಅಜ್ಜ. ಕಣ್ಣಿನ ಆಪರೇಷನ್ ಮುಗಿದು ಪಟ್ಟಿ ಬಿಚ್ಚಿದ ಸಂಜೆ, ಬೀದಿಯ ಮಕ್ಕಳನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿಕೊಂಡು ಹೇಳಿದರು.

“ಬುಗುರೀ, ಒಂದು ನಿಮಿಷ ಸುಮ್ನೆ ಕೂತ್ಕೋತೀಯಾ?”

ಆಪರೇಷನ್ನಿನ ಹಿಂದಿನ ದಿನ ಹೀಗೆ ಗದರಿದವಳು ಬುಗುರಿಯ ಅತ್ತೆ, ಕೆಲಸದಲ್ಲಿ ಮೆಕ್ಯಾನಿಕ್. ಬೈಸಿಕೊಂಡವಳು ಅಜ್ಜನ ಮೊಮ್ಮಗಳು. ಐದನೇ ಕ್ಲಾಸಿನ ಈ ಹುಡುಗಿ ನಿಂತಲ್ಲಿ ನಿಲ್ಲುವವಳಲ್ಲ, ಅದಕ್ಕೇ ಆ ಹೆಸರು.

ಅಜ್ಜನ ಕಾರಿನ ಗೇರ್ ಲಿವರ್ ಪಾತ್ರೆಯಲ್ಲಿಟ್ಟ ಸೌಟಿನಂತೆ ಅಲ್ಲಾಡುತ್ತಿತ್ತು. ಮರುದಿನ ಬೆಳಿಗ್ಗೆ ಅದೇ ಕಾರಿನಲ್ಲಿ ಅಜ್ಜ ಆಪರೇಷನ್ನಿಗೆ ಹೋಗಬೇಕಿತ್ತು.

ಅತ್ತೆ ಲಿವರಿನ ಬುಡದ ರಬ್ಬರ್ ಹೊದಿಕೆ ಬಿಚ್ಚಿ, ನಾಲ್ಕು ಸ್ಕ್ರೂಗಳನ್ನು ಪೇಪರಿನ ಮೇಲೆ ಸಾಲಾಗಿ ಇಟ್ಟಳು.

“ಮೂರು ಒಂದೇ ಥರ. ಇದೊಂದು ಮಾತ್ರ ದಪ್ಪ ತಲೇದು. ಯಾವ ಪುಣ್ಯಾತ್ಮ ಹಾಕಿದ್ನೋ!”

ಮೆಟ್ಟಿಲ ಮೇಲಿದ್ದ ಅಜ್ಜನಿಗೆ ಕೆಮ್ಮು ಬಂತು.

ಅತ್ತೆ ಹೊದಿಕೆಯ ಕೆಳಗಿದ್ದ ಮುಚ್ಚಳವನ್ನು ಒತ್ತಿ ತಿರುಗಿಸಿದಳು. ಲಿವರ್ ಬುಡಸಮೇತ ಮೇಲೆ ಬಂತು. ಅದರ ತುದಿಯ ಪ್ಲಾಸ್ಟಿಕ್ ಟೋಪಿ ಸವೆದುಹೋಗಿತ್ತು. ತೆರೆದ ತೂತಿಗೆ ಬಟ್ಟೆ ತುರುಕಿ ಹೇಳಿದಳು: “ಇದನ್ನ ಮುಟ್ಬೇಡ. ಒಳಗೆ ಹಲ್ಲಿನ ಚಕ್ರಗಳಿವೆ. ಏನಾದ್ರೂ ಬಿದ್ರೆ ಹಲ್ಲು ಮುರಿಯುತ್ತೆ.” ಹೊಸ ಟೋಪಿ ತರಲು ಒಳಗೆ ಹೋದಳು.

ಹಲ್ಲಿನ ಚಕ್ರ! ನೋಡದೆ ಇರುವುದು ಹೇಗೆ? ಬುಗುರಿ ಬಟ್ಟೆ ಎತ್ತಿ ಇಣುಕಿದಳು. ಪೇಪರಿನಿಂದ ಎತ್ತಿಕೊಂಡು ಬೆರಳುಗಳಲ್ಲಿ ಹೊರಳಿಸುತ್ತಿದ್ದ ದಪ್ಪ ತಲೆಯ ಸ್ಕ್ರೂ ತೂತಿನೊಳಗೆ ಜಾರಿತು.

ಟಿಣ್!

ಬಟ್ಟೆಯನ್ನು ಮತ್ತೆ ತುರುಕಿದಳು.

ಅತ್ತೆ ಬಂದು ಹೊಸ ಟೋಪಿ ತೊಡಿಸಿ, ಗ್ರೀಸ್ ಹಚ್ಚಿ, ಲಿವರ್ ಕೂರಿಸಿದಳು. “ಒಂದು ಸ್ಕ್ರೂ ಎಲ್ಲೋ ಉರುಳಿದೆ. ಇರ್ಲಿ, ಸದ್ಯಕ್ಕೆ ಮೂರು ಸಾಕು.”

ಬುಗುರಿ ಎರಡು ಸಲ ಕೈ ತೊಳೆದಳು, ಮೂರು ಸಲ ನೀರು ಕುಡಿದಳು, ಗೇಟಿನವರೆಗೆ ಹೋಗಿ ಬಂದಳು.

“ಏನೇ, ಇರುವೆ ಕಚ್ತಾ?” ಅಜ್ಜ ಕೇಳಿದರು.

ಅತ್ತೆ ಕೀ ಎತ್ತಿಕೊಂಡಳು. ಬುಗುರಿ ಓಡಿ ಹೋಗಿ ಕೀ ಹಾಕುವ ಜಾಗಕ್ಕೆ ಅಂಗೈ ಅಡ್ಡ ಹಿಡಿದಳು.

“ಬೇಡ ಅತ್ತೆ! ಆ ಸ್ಕ್ರೂ ಒಳಗಿದೆ. ನಾನೇ ಬೀಳಿಸಿದ್ದು.”

ಅತ್ತೆ ಬೈಯಲಿಲ್ಲ. ಉಸಿರೊಂದನ್ನು ಉದ್ದಕ್ಕೆ ಬಿಟ್ಟು, ಎಲ್ಲವನ್ನೂ ಮತ್ತೆ ಬಿಚ್ಚಿದಳು. ತುದಿಯಲ್ಲಿ ಅಯಸ್ಕಾಂತವಿದ್ದ ಉದ್ದನೆಯ ಕಡ್ಡಿಯೊಂದನ್ನು ಕೊಟ್ಟು, “ನೀನೇ ತೆಗಿ. ಕೈ ಅಲ್ಲಾಡ್ಬಾರ್ದು,” ಎಂದಳು.

ಬುಗುರಿಯ ಕೈ ಅಲ್ಲಾಡಲಿಲ್ಲ. ಕಡ್ಡಿ ಮೇಲೆ ಬಂದಾಗ ಅದಕ್ಕೆ ಅಂಟಿದ್ದವು ಎರಡು ಸ್ಕ್ರೂ! ಒಂದು ದಪ್ಪ ತಲೆಯದು. ಇನ್ನೊಂದು ಎಣ್ಣೆ ಹೀರಿ ಕಪ್ಪಾದದ್ದು.

“ಅರೇ, ಇದು ಆ ಮೂರರ ಜೊತೇದು! ಎಷ್ಟು ವರ್ಷದಿಂದ ತಳದಲ್ಲಿ ಮಲಗಿತ್ತೋ!” ಅತ್ತೆ ಅದನ್ನು ಒರೆಸಿ, ದಪ್ಪ ತಲೆಯದಿದ್ದ ಜಾಗದಲ್ಲಿ ಕೂರಿಸಿದಳು. ಬುಗುರಿ ಅಜ್ಜನತ್ತ ನೋಡಿದಳು. ಅಜ್ಜ ಮೋಡ ನೋಡುತ್ತಿದ್ದರು.

ಇಷ್ಟು ಹೇಳಿ ಅಜ್ಜ ಕತೆ ಮುಗಿಸಿದರು.

“ಆ ಕಪ್ಪು ಸ್ಕ್ರೂ ಬೀಳಿಸಿದ್ದು ಯಾರಜ್ಜಾ?” ಮಕ್ಕಳು ಬಿಡಲಿಲ್ಲ.

ಬುಗುರಿ ತುಟಿ ಬಿಗಿಹಿಡಿದಳು. ಅವಳ ಜೇಬಿನಲ್ಲಿ ದಪ್ಪ ತಲೆಯ ಸ್ಕ್ರೂ ಇತ್ತು.

ಅಜ್ಜ ಕೆಮ್ಮಿದರು. “ನಾನೇ ಕಣ್ರೋ. ಬಾಯಿ ಬಿಡೋಕೆ ಇಷ್ಟು ವರ್ಷ ಬೇಕಾಯ್ತು. ಇವಳಿಗೆ ಅರ್ಧ ಗಂಟೆ.”

ಮಕ್ಕಳು ಗೊಳ್ಳೆಂದು ನಕ್ಕು ಎದ್ದರು. ಚಪ್ಪಲಿ ಹುಡುಕಿಕೊಂಡು ಮನೆಗಳಿಗೆ ಹೊರಟರು. ಬುಗುರಿ ಮಾತ್ರ ಅಜ್ಜನ ಭುಜಕ್ಕೆ ಒರಗಿ ಕುಳಿತೇ ಇದ್ದಳು, ಒಂದಿಷ್ಟೂ ಅಲುಗಾಡದೆ.