ಅವಳ ಪಾಲಿನ ಒಂದೂವರೆ ಮಿಲಿಮೀಟರ್

"ಇಷ್ಟು ನುಣ್ಣಗೆ ಕೊರಿ ಅಂತ ನಿನಗೆ ಯಾರು ಹೇಳಿದ್ರು?"

ಸೂಲಾನ್ ಕರ್ಪೂರ ಮರದ ಹಲಗೆಯನ್ನು ಮಿಷಿನ್ ಪಕ್ಕದ ಮೇಜಿನ ಮೇಲೆ ಧಡ್ ಅಂತ ಇಟ್ಟಳು. ಮಿಷಿನ್ ನಡೆಸುವ ಹೈತಾವ್ ಬೆಪ್ಪಾಗಿ ನಿಂತ. ಅಂಗಳದಾಚೆ ಕೂತು ಉಳಿ ಹಿಡಿಯುವ ಈ ಹೆಣ್ಣು ತಾನಾಗಿ ಬಂದು ಒಂದು ಮಾತಾಡಲಿ ಅಂತ ಅವನು ಮೂರು ತಿಂಗಳಿಂದ ಕಾದಿದ್ದ. ಬಂದಳು. ಬೆಂಕಿಯಾಗಿ ಬಂದಳು.

"ಚೆನ್ನಾಗಿಲ್ವಾ?" ಅಂದ, ಮೆಲ್ಲಗೆ.

"ಚೆನ್ನಾಗಿದೆ! ಅದೇ ಬಂದಿರೋ ಕಷ್ಟ. ಮಾ ಧಣಿ ಬೆರಳಾಡಿಸಿ ನೋಡಿದ್ರು. ಮಿಷಿನ್ನೇ ಇಷ್ಟು ನುಣುಪು ಮಾಡಿದ್ರೆ ನೀವು ಐದು ಜನ ಯಾಕೆ ಅಂದ್ರು. ನಾಳೆ ಸಂಜೆಗೆ ನಮ್ಮ ಕೆಲಸ ಮುಗೀತಂತೆ. ಹದಿನಾಲ್ಕು ವರ್ಷ ಉಳಿ ಹಿಡಿದ ಕೈ ಇದು, ಮೇಸ್ತ್ರಿ. ನನ್ನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲ!"

ಚೀನಾದ ದೋಂಗ್‌ಯಾಂಗ್ ಊರಿನ ಆ ಕೆತ್ತನೆ ಶೆಡ್ಡಿನಲ್ಲಿ ಮೊದಲಿಂದ ನಡೆದದ್ದು ಹೀಗೆ: ಮಿಷಿನ್ ಒರಟಾಗಿ ಕೊರೆಯುತ್ತದೆ, ಹೆಂಗಸರು ಉಳಿಯಲ್ಲಿ ಜೀವ ತುಂಬುತ್ತಾರೆ. ಹೈತಾವ್ ಪುಣ್ಯಾತ್ಮ ಬಂದು ಅದನ್ನು ಕೆಡಿಸಿದ್ದ. ಸೂಜಿಯಷ್ಟು ಸಣ್ಣ ಕೊರೆಯುವ ಬಿಟ್ ಹಾಕಿ, ಅದು ಮುಂದೆ ಸಾಗುವ ಫೀಡ್ ಇಳಿಸಿ, ಅದಕ್ಕೆ ತಕ್ಕ ಹಾಗೆ ಅದನ್ನು ತಿರುಗಿಸುವ ಸ್ಪಿಂಡಲ್ ವೇಗವನ್ನೂ ಇಳಿಸಿ, ಕೊಕ್ಕರೆಯ ಒಂದೊಂದು ಗರಿಯನ್ನೂ ಬೆಣ್ಣೆಯ ಹಾಗೆ ಮಾಡಿ ಕಳಿಸುತ್ತಿದ್ದ.

"ಬಾಯಲ್ಲಿ ಏನಿದೆ? ಯಾಕೆ ಮಾಡಿದೆ ಅಂತ ಕೇಳ್ತಿದ್ದೀನಿ."

"ನಿಮ್ಮ ಮಣಿಕಟ್ಟು," ಅಂದ. "ಕ್ಯಾಂಟೀನಲ್ಲಿ ಪಟ್ಟಿ ಸುತ್ಕೊಂಡು ಎಡಗೈಲಿ ಊಟ ಮಾಡ್ತಿದ್ರಿ. ಚಾಪ್‌ಸ್ಟಿಕ್ ಎರಡು ಸಲ ಬಿತ್ತು. ನಿಮಗೆ ಕೆಲಸ ಕಡಿಮೆ ಆಗ್ಲಿ ಅಂತ..."

ಸೂಲಾನಳ ಕಣ್ಣು ಒಂದು ಗಳಿಗೆ ಅವನ ಮುಖದ ಮೇಲೇ ನಿಂತಿತು. ಕೆನ್ನೆ ಕೆಂಪಾಯಿತು. ಅದು ಸಿಟ್ಟೋ ನಾಚಿಕೆಯೋ, ಅವಳಿಗೇ ಗೊತ್ತಿರಲಿಕ್ಕಿಲ್ಲ.

"ಮಣಿಕಟ್ಟು ಯಾರದು?"

"ನಿಮ್ಮದು."

"ಮತ್ತೆ ನನ್ನ ಒಂದು ಮಾತು ಕೇಳಿದ್ಯಾ?"

ಅವನು ತಲೆ ತಗ್ಗಿಸಿದ. ಆಮೇಲೆ ಅವಸರದಲ್ಲಿ ಅಂದ, "ಇವತ್ತೇ ಕೆಡಿಸಿಬಿಡ್ತೀನಿ. ಫೀಡ್ ಯದ್ವಾತದ್ವಾ ಏರಿಸಿದ್ರೆ ಮರ ಕಿತ್ತು ಎದ್ದುಬರತ್ತೆ. ಆಗ ಧಣಿ ನಿಮ್ಮನ್ನ ಕರೀಲೇಬೇಕು."

"ಥೂ! ಮರಕ್ಕೆ ಅನ್ಯಾಯ ಮಾಡಿ ನಾನು ಊಟ ಮಾಡ್ಬೇಕಾ?" ಅವಳು ಹೊರಡಲು ತಿರುಗಿದವಳು ಬಾಗಿಲಲ್ಲಿ ನಿಂತಳು. "ಈ ಹಲಗೆಗೆ ಎಷ್ಟು ಹೊತ್ತು ಹಿಡೀತು?"

"ಹನ್ನೊಂದು ಗಂಟೆ."

"ಒರಟು ಕೊರೆದು ಬಿಟ್ಟಿದ್ರೆ?"

"ಮೂರು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಟೀ ಹೌಸಿಗೆ ಅರವತ್ತು ಹಲಗೆ ಕೊಡಬೇಕು, ಮುಂದಿನ ತಿಂಗಳೇ. ಶೆಡ್ಡಿನಲ್ಲಿ ಇರುವುದು ಒಂದೇ ಮಿಷಿನ್. ಧಣಿ ನುಣುಪು ನೋಡಿ ಮರುಳಾಗಿದ್ದರೇ ಹೊರತು ಗಡಿಯಾರ ನೋಡಿರಲಿಲ್ಲ.

"ಹಾಕು ಹೊಸ ಹಲಗೆ," ಅಂದಳು ಸೂಲಾನ್. "ನನಗೆ ಮೇಲೆ ಒಂದೂವರೆ ಮಿಲಿಮೀಟರ್ ಮರ ಬಿಡು. ಅದು ನನ್ನ ಪಾಲು."

ಹೈತಾವ್ ದಪ್ಪ ಬಿಟ್ ಬಿಗಿದ. ಸ್ಪಿಂಡಲ್ ಹದಿನೆಂಟು ಸಾವಿರ ಸುತ್ತು. ಫೀಡ್ ನಿಮಿಷಕ್ಕೆ ಎರಡು ಮೀಟರ್ ಅಂತ ಒತ್ತಿದ.

"ಅಳುಕ್ತಿದ್ದೀಯ," ಅಂದಳು ಸೂಲಾನ್.

"ಕೊಕ್ಕರೆ ಕತ್ತು ಮರದ ಎಳೆಗೆ ಅಡ್ಡ ಇದೆ. ಮೂರು ಗಂಟೇಲಿ ಮುಗೀಬೇಕಾದ್ರೆ ನಾಲ್ಕು ಮೀಟರ್ ಕೊಡ್ಬೇಕು, ಕೊಟ್ರೆ ಚಕ್ಕೆ ಎದ್ದು ಹೋಗಬಹುದು. ಹೋದ್ರೆ?"

"ಹೋದ್ರೆ ನಾನು ಮನೆಗೆ. ಸುಮ್ಮನೆ ಕೂತ್ರೂ ನಾನು ಮನೆಗೇ. ಒತ್ತು."

ಒತ್ತಿದ. ಮಿಷಿನ್ ಗುಡುಗಿತು. ಬಿಳಿ ಚಕ್ಕೆಗಳು ಅವಲಕ್ಕಿಯ ಹಾಗೆ ಹಾರಿದವು, ಶೆಡ್ಡೆಲ್ಲ ಕರ್ಪೂರದ ಘಮ. ಒಂದು ಗಂಟೆ, ಎರಡು ಗಂಟೆ. ಇಬ್ಬರೂ ಕೂರಲಿಲ್ಲ.

ಬಿಟ್ ಕತ್ತಿನ ಹತ್ತಿರ ಬಂತು. ಗೊತ್ತಿದ್ದೂ ಗೊತ್ತಿದ್ದೂ ಹೈತಾವನ ಕೈ ಫೀಡಿನ ನಾಬ್ ಇಳಿಸಿಬಿಟ್ಟಿತು. ಮಿಷಿನ್ನಿನ ದನಿ ಕೀಚಲಾಯಿತು. ಚಕ್ಕೆ ಹೋಗಿ ಪುಡಿ ಬರತೊಡಗಿತು. ಮುಂದೆ ಸಾಗದೆ ಅಲ್ಲಲ್ಲೇ ತಿರುಗುವ ಬಿಟ್ ಕೊರೆಯುವುದಿಲ್ಲ, ಉಜ್ಜುತ್ತದೆ. ಸುಟ್ಟ ವಾಸನೆ ಮೂಗಿಗೆ ಬಡಿಯಿತು.

"ಹೆದರ್ಕೊಂಡೇ ಸುಡ್ತಿದ್ದೀಯಲ್ಲೋ!" ಸೂಲಾನ್ ಅವನ ಕೈಯ ಮೇಲೆ ಕೈಯಿಟ್ಟು ನಾಬನ್ನು ಮತ್ತೆ ಏರಿಸಿದಳು. "ಹೋಗಲಿ ಬಿಡು, ನಿನ್ನ ಪಾಲಿಂದು ನೀನು ಮಾಡು. ಮಿಕ್ಕಿದ್ದಕ್ಕೆ ನಾನಿದ್ದೀನಿ."

ಪುಡಿ ನಿಂತಿತು, ಚಕ್ಕೆ ಹಾರಿತು. ಕತ್ತು ಒರಟೊರಟಾಗಿ, ಆದರೆ ಇಡಿಯಾಗಿ ನಿಂತಿತು. ಅವಳ ಕೈ ಮಾತ್ರ ಅವನ ಕೈಯ ಮೇಲೇ ಇತ್ತು. ತೆಗೆಯುವುದು ಅವಳಿಗೆ ನೆನಪಾಗಲಿಲ್ಲ, ನೆನಪಿಸುವಷ್ಟು ದಡ್ಡ ಅವನೂ ಅಲ್ಲ.

ಅಂದು ಮಧ್ಯಾಹ್ನದಿಂದ ಮರುದಿನ ಸಂಜೆವರೆಗೆ ಅವಳು ಹಲಗೆ ಬಿಟ್ಟು ಏಳಲಿಲ್ಲ. ಸುಟ್ಟ ಕಲೆ ಮೊದಲ ಹೆರೆತದಲ್ಲೇ ಹೋಯಿತು. ನಡುನಡುವೆ ಮಣಿಕಟ್ಟು ಕೊಡವಿಕೊಳ್ಳುತ್ತಿದ್ದಳು. ಹೈತಾವ್ ಕಿಟಕಿಯಲ್ಲಿ ನಿಂತು ನೋಡಿದ, ಹಲ್ಲು ಕಚ್ಚಿದ, ಹೋಗಿ ತಡೆಯಲಿಲ್ಲ.

ಮಾ ಧಣಿ ಬಂದರು. ಎರಡು ಹಲಗೆಯನ್ನೂ ಅಕ್ಕಪಕ್ಕ ಇಡಿಸಿದರು. ಮಿಷಿನ್ನಿನ ಕೊಕ್ಕರೆ ನುಣ್ಣಗಿತ್ತು. ಸೂಲಾನಳ ಕೊಕ್ಕರೆಯ ರೆಕ್ಕೆಯಡಿ ನೆರಳಿತ್ತು. ಮೇಲಿಂದ ಇಳಿಯುವ ಬಿಟ್ಟಿಗೆ ಅಲ್ಲಿ ನುಗ್ಗಲು ದಾರಿಯೇ ಇಲ್ಲ, ಬಾಗಿದ ಉಳಿಯೇ ಬೇಕು.

"ಎಷ್ಟು ಹೊತ್ತು?" ಅಂದರು ಧಣಿ.

"ಇದಕ್ಕೆ ಮಿಷಿನ್ನಲ್ಲಿ ಮೂರು ಗಂಟೆ, ಆ ನುಣ್ಣಗಿರೋದಕ್ಕೆ ಹನ್ನೊಂದು," ಅಂದ ಹೈತಾವ್. "ದಿನಕ್ಕೆ ಮೂರು ಹಲಗೆ ಇಳಿಸ್ತೀನಿ ಧಣೀ. ಐದು ಜನಾನೂ ಇದ್ರೆ."

ಧಣಿ ನೆರಳಿನೊಳಗೆ ಬೆರಳಿಟ್ಟು ನೋಡಿದರು, ಕೆಮ್ಮಿದರು. "ಇರ್ಲಿ, ಐದೂ ಜನ ಇರ್ಲಿ. ಅರವತ್ತು ತಪ್ಪಿದ್ರೆ ನೀನೂ ಸೇರಿ ಆರೂ ಜನ ಮನೆಗೆ," ಅಂದು ಹೊರಟುಹೋದರು.

ಸೂಲಾನ್ ಸ್ಟೂಲಿನ ಮೇಲೆ ಕುಸಿದು ಕೂತಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಹೈತಾವ್ ಎದುರಿಗೆ ಬಂದು ನಿಂತ.

"ಮೊನ್ನೆ ಕೇಳದೇ ಮಾಡಿ ಕೆಟ್ಟೆ. ಈಗ ಕೇಳೇ ಮಾಡ್ತೀನಿ. ನೀವಂದ್ರೆ ನನಗೆ ಪ್ರಾಣ. ನನ್ನ ಮದುವೆ ಆಗ್ತೀರಾ?"

ಅವಳು ಉಳಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿದಳು. ಅವನಿಗೆ ಆ ಹೊತ್ತು ಹನ್ನೊಂದು ಗಂಟೆಗಿಂತ ಉದ್ದವಾಯಿತು.

"ಭಾನುವಾರ ಮನೆಗೆ ಊಟಕ್ಕೆ ಬಾ," ಅಂದಳು ಕೊನೆಗೆ, ತಲೆ ಎತ್ತದೆ. "ಬರಿಗೈಲಿ ಬಂದೀಯ ಮತ್ತೆ! ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ ಒಂದು ತಾ. ಅಳಿಯ ಆಗೋನು ಅದನ್ನ ತಂದಿಲ್ಲ ಅಂದ್ರೆ ನಮ್ಮಮ್ಮ ಬಾಗಿಲು ತೆಗಿಯಲ್ಲ."